ಕರಿ ಚೀಲ, ಕನ್ನಡಿ ಚೀಲ

೧೯೭೬ರಲ್ಲಿ ನಾನು ಚನ್ನಗಿರಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಫೋಟೋ ಸ್ಟುಡಿಯೊ ನಡೆಸುತ್ತಿದ್ದೆ. ಆಗ ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. ನನ್ನ ತವರು ಜಗಳೂರು ತಾಲ್ಲೂಕಿನ ಬಿಳಿಚೋಡು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಮಕ್ಕಳೇ, ಸ್ಟುಡಿಯೊದ ಬೋರ್ಡಿನ ಮೇಲೆ ಇದ್ದದ್ದು ನಿಮ್ಮ ಅಜ್ಜನ ಹೆಸರು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಗಂಡನ ಹೆಸರನ್ನು ನಾನು ಬಾಯಿಂದ ಹೇಳಿದವಳಲ್ಲ, ಇಲ್ಲಿ ಬರೆಯುವುದೂ ಇಲ್ಲ. ನಿಮಗೆ ಗೊತ್ತೇ ಇದೆ.

ಬಿಳಿಚೋಡಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ ನನಗೆ ಕ್ಯಾಮೆರಾ ಕಲಿಸಿದವರು ಅವರೇ. ಮೊದಲು ಡಾರ್ಕ್ ರೂಮಿನಲ್ಲಿ ಫಿಲ್ಮ್ ತೊಳೆಯುವುದು, ಪ್ರಿಂಟ್ ಹಾಕುವುದು, ಆಮೇಲೆ ಸಣ್ಣ ಕುಂಚದಿಂದ ಫೋಟೋ ತಿದ್ದುವುದು. ಕೊನೆಗೆ ಕ್ಯಾಮೆರಾವನ್ನೇ ಕೈಗೆ ಕೊಟ್ಟರು. ನಮ್ಮದು ಟ್ವಿನ್ ಲೆನ್ಸ್ ಕ್ಯಾಮೆರಾ. ಅದನ್ನು ಕಣ್ಣಿಗೆ ಹಿಡಿಯುವುದಿಲ್ಲ. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ, ಮೇಲಿನ ಗಾಜಿನಲ್ಲಿ ಕಾಣುವ ಚಿತ್ರವನ್ನು ನೋಡಬೇಕು. ಯಾರ ಮುಖವನ್ನೂ ನೇರವಾಗಿ ನೋಡಲು ನಾಚುತ್ತಿದ್ದ ನನ್ನಂಥವಳಿಗೆ ಹೇಳಿ ಮಾಡಿಸಿದ ಯಂತ್ರ ಅದು. ನಾನು ತಲೆ ಬಗ್ಗಿಸಿ ನಿಂತರೆ ಜನ ವಿನಯ ಎಂದುಕೊಳ್ಳುತ್ತಿದ್ದರು. ನಾನು ಫೋಕಸ್ ಮಾಡುತ್ತಿದ್ದೆ.

ನಮ್ಮ ಕೆಲಸದಲ್ಲಿ ಮದುವೆ ಎಷ್ಟೋ ಸಾವೂ ಅಷ್ಟೇ. ಲಿಂಗ ಕಟ್ಟುವ ನಮ್ಮವರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಮಕ್ಕಳು ಮೊಮ್ಮಕ್ಕಳು ಅಕ್ಕಪಕ್ಕ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಕಾಲದಲ್ಲಿ ಎಷ್ಟೋ ಜನ ಹುಟ್ಟಿ ಸಾಯುವುದರೊಳಗೆ ತೆಗೆಸಿಕೊಂಡ ಒಂದೇ ಫೋಟೋ ಅದಾಗಿರುತ್ತಿತ್ತು. ಪ್ರಿಂಟ್ ಒಯ್ಯಲು ಬಂದವರು ಮೆಲ್ಲಗೆ ಕೇಳುತ್ತಿದ್ದರು: "ಅಕ್ಕಾ, ಕಣ್ಣು ತೆರೆಸಿ ಕೊಡಾಕೆ ಆಗ್ತೈತಾ?" ನಾನು ಕುಂಚದಿಂದ ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬರೆದು ಕೊಡುತ್ತಿದ್ದೆ. ಆ ಫೋಟೋ ಗೋಡೆಗೆ ಏರಿ ದಿನಾ ಹೂವು ಮುಡಿಯುತ್ತಿತ್ತು.

ಹೀಗೆ ಸಾವಿನ ಮನೆಗೂ ಮದುವೆ ಮನೆಗೂ ಒಂದೇ ಕ್ಯಾಮೆರಾ, ಒಂದೇ ಚೀಲ ಹೋಗುತ್ತಿತ್ತು. ಚೀಲ ಎಂದರೆ ನಿಮ್ಮ ಅಜ್ಜನ ಕರಿ ಚರ್ಮದ ಪೆಟ್ಟಿಗೆ ಚೀಲ. ವರ್ಷಗಟ್ಟಲೆ ಬೂಟ್ ಪಾಲಿಶ್ ಕುಡಿದು ಮಿರಮಿರ ಮಿಂಚುತ್ತಿತ್ತು. ಚನ್ನಗಿರಿಯಿಂದ ನ್ಯಾಮತಿಯವರೆಗೆ ಬಸ್ಸಿನ ಕಂಡಕ್ಟರುಗಳಿಗೂ ಅದರ ಗುರುತಿತ್ತು. ನಿಮ್ಮ ಅಜ್ಜ ಇರುವ ತನಕ ಆ ಚೀಲದ ಬಗ್ಗೆ ಒಬ್ಬರೂ ತುಟಿ ಎರಡು ಮಾಡಿದ್ದಿಲ್ಲ.

ತುಟಿ ಎರಡು ಮಾಡಿದವನು ಪಂಚಾಕ್ಷರಿ. ಅವನು ನಮ್ಮಲ್ಲೇ ಕೆಲಸ ಕಲಿತವನು. ನಮ್ಮ ಮನೆಯ ಅನ್ನ ಉಂಡವನು. ಅದೇ ಕರಿ ಚೀಲವನ್ನು ಹೊತ್ತುಕೊಂಡು ನಿಮ್ಮ ಅಜ್ಜನ ಹಿಂದೆ ಊರೂರು ಸುತ್ತಿದವನು. ಅಜ್ಜ ಹೋದ ಮೇಲೆ ಹೊನ್ನಾಳಿಯಲ್ಲಿ ಸ್ವಂತ ಸ್ಟುಡಿಯೊ ಹಾಕಿದ. ಬೆಲ್ ಬಾಟಮ್ ಪ್ಯಾಂಟು, ಕಪ್ಪು ಕನ್ನಡಕ, ಕೈಯಲ್ಲಿ ಹೊಸ ಎಲೆಕ್ಟ್ರಾನಿಕ್ ಫ್ಲ್ಯಾಶ್. ಅದಕ್ಕೆ ನನಗೆ ಹೊಟ್ಟೆಕಿಚ್ಚು ಇರಲಿಲ್ಲ. ಆದರೆ ನನ್ನ ಮದುವೆ ಕೆಲಸಗಳು ಒಂದೊಂದಾಗಿ ಅವನ ಕಡೆ ಹೊರಳತೊಡಗಿದವು. ಕಾರಣ ತಿಳಿದದ್ದು ಬಸವಾಪಟ್ಟಣದಲ್ಲಿ.

ಅಲ್ಲಿ ಒಂದು ಸೀಮಂತಕ್ಕೆ ಕರೆ ಬಂದಿತ್ತು. ಹೊಸ್ತಿಲ ಹತ್ತಿರ ಹೋಗುತ್ತಿದ್ದಂತೆ ಮನೆಯ ಹಿರಿಯ ಸೊಸೆ ಅಡ್ಡ ನಿಂತಳು. "ತಪ್ಪು ತಿಳೀಬ್ಯಾಡ್ರಿ ಅಕ್ಕಾ. ಬಸುರಿ ಹುಡುಗಿ. ಆ ಚೀಲ ಹೆಣದ ಪಕ್ಕ ಕೂತು ಬಂದೈತೆ ಅಂತ ಹೊನ್ನಾಳಿ ಫೋಟೋದವರು ಹೇಳಿದ್ರು. ಅವರನ್ನೇ ಕರೆಸೀವಿ." ಒಳಗಿನಿಂದ ಪಂಚಾಕ್ಷರಿಯ ನಗು ಕೇಳಿಸಿತು. ಕಾಫಿ ಕುಡಿದು ಹೋಗಿ ಎಂದು ಕಟ್ಟೆಯ ಮೇಲೆ ಕೂರಿಸಿದರು. ನಾನು ಕುಡಿಯದೆ ಬಸ್ ಹತ್ತಿದೆ.

ಬಸ್ಸಿನಲ್ಲಿ ಕೂತಾಗ ನನಗೆ ಅರ್ಥವಾಯಿತು. ಅವರು ಬೇಡ ಎಂದದ್ದು ಚೀಲವನ್ನಲ್ಲ. ನನ್ನ ಬೋಳು ಹಣೆಯನ್ನು. ಸೀಮಂತದ ಮನೆಗೆ ಗಂಡ ಸತ್ತವಳು ಬರಬಾರದು ಎಂದು ಮುಖದ ಮೇಲೆ ಹೇಳಲು ಅವರಿಗೂ ಸಂಕೋಚ. ಪಂಚಾಕ್ಷರಿ ಅವರ ಕೈಗೆ ಒಂದು ಮರ್ಯಾದಸ್ಥ ನೆಪ ಕೊಟ್ಟಿದ್ದ, ಅಷ್ಟೇ. ಗೆಳತಿಯಂತೆ ಮಾತಾಡಿಸಿ, ಕಾಫಿ ಕೊಟ್ಟು, ಚೀಲದ ಹೆಸರಿನಲ್ಲಿ ನನ್ನನ್ನು ಹೊರಗೆ ಇಡಬಹುದಿತ್ತು. ಮದುವೆ, ಸೀಮಂತ ಇಲ್ಲದೆ ಬರೀ ಸಾವಿನಿಂದ ಸ್ಟುಡಿಯೊ ನಡೆಯುವುದಿಲ್ಲ. ಬೋರ್ಡು ಇಳಿಸಿ, ನಿಮ್ಮ ಅಪ್ಪನನ್ನೂ ಸೋದರತ್ತೆಯನ್ನೂ ಕರೆದುಕೊಂಡು ತವರಿಗೆ ಹೋಗಿ ಅಣ್ಣನ ಹಂಗಿನಲ್ಲಿ ಕೂರಬೇಕಾಗುತ್ತಿತ್ತು. ಚನ್ನಗಿರಿಯಲ್ಲಿ ಇಳಿಯುವ ಹೊತ್ತಿಗೆ ಎರಡು ತೀರ್ಮಾನ ಮಾಡಿದ್ದೆ. ಯಾರೂ ಬೇಡ ಎನ್ನಲಾಗದಂಥ ಚೀಲ ಒಂದು ನನಗೆ ಬೇಕು. ಪಂಚಾಕ್ಷರಿಗೆ ಆ ನಗು ದುಬಾರಿಯಾಗಬೇಕು.

ಚೀಲ ಹುಡುಕುವುದು ಅಷ್ಟು ಸುಲಭವಿರಲಿಲ್ಲ. ಈಗ ನೀವು ಅಂಗಡಿಗೆ ಹೋಗಿ ಬಣ್ಣ ಆರಿಸುತ್ತೀರಿ. ಆಗ ದಾವಣಗೆರೆಯ ಕ್ಯಾಮೆರಾ ಅಂಗಡಿಯಲ್ಲಿ ಇದ್ದವೆಲ್ಲ ಗಂಡಸರ ಚೀಲಗಳು. ಹೆಗಲಿಗೆ ಹಾಕಿದರೆ ಪಟ್ಟಿ ಜಾರಿ ಸೆರಗನ್ನೂ ಎಳೆದುಕೊಂಡು ಬರುತ್ತಿತ್ತು. ಮುಚ್ಚಳದ ಬಕಲ್ ಬಿಚ್ಚಲು ಎರಡೂ ಕೈ ಬೇಕು. ನೆಲದ ಮೇಲಿಟ್ಟೇ ತೆಗೆಯಬೇಕು. ತುಂಬಿದ ಬಸ್ಸಿನಲ್ಲಿ ನಿಂತರೆ ಪಕ್ಕದವರ ಪಕ್ಕೆಗೆ ಮೂಲೆ ಚುಚ್ಚಿ ಬೈಸಿಕೊಳ್ಳಬೇಕು. ರೆಕ್ಸಿನ್ ಏರ್ ಬ್ಯಾಗ್ ನೋಡಿದೆ. ಕ್ಯಾಮೆರಾ ಅದರೊಳಗೆ ಡಬ್ಬಿಯೊಳಗಿನ ಕಲ್ಲಿನಂತೆ ಉರುಳಾಡಿತು. ಜಗಳೂರು ಕಡೆಯ ಧೂಳು ಜಿಪ್ಪಿನ ಹಲ್ಲುಗಳ ನಡುವೆಯೇ ಒಳಗೆ ಹೋಗುತ್ತಿತ್ತು.

ಕೊನೆಗೆ ಸ್ವಲ್ಪ ದಿನ ಪ್ಲಾಸ್ಟಿಕ್ ವಯರ್ ಬುಟ್ಟಿಯಲ್ಲಿ ಕ್ಯಾಮೆರಾ ಇಟ್ಟು, ಮೇಲೆ ಟವೆಲ್ ಹೊದಿಸಿ ತಿರುಗಿದೆ. ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಪಂಚಾಕ್ಷರಿ ಎದುರಾದ. ಸುತ್ತ ನಾಲ್ಕು ಜನ ಗೆಳೆಯರು.

"ಏನ್ ಅಕ್ಕಾ, ಬದನೆಕಾಯಿ ಹೆಂಗೆ ಕಿಲೋ?" ಎಂದ.

ಅವರೆಲ್ಲ ನಕ್ಕರು. ನಾನು ತಲೆ ಬಗ್ಗಿಸಿಕೊಂಡು ಹೋದೆ. ತಲೆ ಬಗ್ಗಿಸಿದಾಗ ನಾನು ಫೋಕಸ್ ಮಾಡುತ್ತಿರುತ್ತೇನೆ ಎಂಬುದನ್ನು ಅವನು ಮರೆತಿದ್ದ.

ಸಿಗದ ಚೀಲವನ್ನು ಮಾಡಿಸಿಕೊಳ್ಳಬೇಕು ಎಂದುಕೊಂಡು ತವರಿಗೆ ಹೋದೆ. ಬಿಳಿಚೋಡಿನ ಕುರಿಗಾರರ ಮನೆಯಲ್ಲಿ ನೇಯ್ದ ಕಂಬಳಿಯ ಒಂದು ತುಂಡು ತಂದೆ. ಕುರಿಗಾರರು ಮಳೆಯಲ್ಲಿ ಅದನ್ನೇ ಹೊದ್ದು ನಿಲ್ಲುತ್ತಾರಲ್ಲ, ಕ್ಯಾಮೆರಾಕ್ಕೆ ಅದಕ್ಕಿಂತ ಒಳ್ಳೆಯ ಹಾಸಿಗೆ ಯಾವುದು? ಅದನ್ನು ಎರಡು ಪದರ ಮಾಡಿ ಒಳಗಿನ ಗೂಡುಗಳನ್ನು ನಾನೇ ಹೊಲಿದೆ. ಕ್ಯಾಮೆರಾಕ್ಕೆ ನಡುವೆ, ಫ್ಲ್ಯಾಶಿಗೆ ಒಂದು ಬದಿ. ಬಳಸದ ರೋಲುಗಳಿಗೆ ಗುಂಡಿಯಿರುವ ಜೇಬು, ಬಳಸಿದ ರೋಲುಗಳಿಗೆ ದಾರ ಕಟ್ಟುವ ಜೇಬು. ನೋಡದೆ ಕೈ ಹಾಕಿದರೂ ಬೆರಳಿಗೆ ಗೊತ್ತಾಗಬೇಕು. ಗಡಿಬಿಡಿಯಲ್ಲಿ ಮುಗಿದ ರೋಲನ್ನೇ ಮತ್ತೆ ಹಾಕಿದರೆ ಎರಡು ಮದುವೆ ಒಂದರ ಮೇಲೊಂದು ಮೂಡುತ್ತವೆ.

ಹೊರಗಿನ ಬಟ್ಟೆಗೆ ನ್ಯಾಮತಿ ಹತ್ತಿರದ ತಾಂಡಾಕ್ಕೆ ಹೋದೆ. ಅಲ್ಲಿಯ ಸೋಮ್ಲಿಬಾಯಿಯ ಮಗಳ ಬಾಣಂತನದಲ್ಲಿ ನಾನು ಮಗುವಿನ ಫೋಟೋ ತೆಗೆದಿದ್ದೆ. ಲಂಬಾಣಿಗರ ಕನ್ನಡಿ ಕಸೂತಿ ನೋಡಿದ್ದೀರಲ್ಲ, ಅಂಥದ್ದು ಬೇಕು ಎಂದೆ. ಅವಳು ನನ್ನ ಬಿಳಿ ಸೀರೆಯನ್ನು ಮೇಲಿನಿಂದ ಕೆಳಗೆ ನೋಡಿದಳು.

"ಕೆಂಪು ಬಟ್ಟೆ ಹಾಕಲಾ? ನಿಮ್ಮ ಜನ ಏನಾದ್ರೂ ಅಂತಾರೆ."

"ಅನ್ನಲಿ. ನಾನು ಉಡಬಾರದು ಅಂತ ಐತೆ. ನನ್ನ ಚೀಲಕ್ಕೆ ಏನೂ ಹೇಳಿಲ್ಲ ಅವರು."

ಸೋಮ್ಲಿಬಾಯಿ ಕೈ ಬಳೆಗಳೆಲ್ಲ ಸದ್ದಾಗುವ ಹಾಗೆ ನಕ್ಕಳು. ಕೆಂಪು ಬಟ್ಟೆಗೆ ನೀಲಿ, ಹಳದಿ ದಾರ, ಸುತ್ತ ಕವಡೆ, ನಡುವೆ ಸಣ್ಣ ಕನ್ನಡಿಗಳು. ಪಟ್ಟಿ ಅಗಲ, ಕತ್ತಿನಿಂದ ಅಡ್ಡಲಾಗಿ ಹಾಕಿ ಮೇಲೆ ಸೆರಗು ಹೊದ್ದರೆ ಜಾರುವುದಿಲ್ಲ. ಚೀಲದ ಬಾಯಿ ನನ್ನ ಹೊಟ್ಟೆಯ ಕಡೆ. ಒಂದೇ ಕೈಯಿಂದ ತೆರೆಯಬಹುದು. ಕನ್ನಡಿಗಳು ಬಿಸಿಲನ್ನು ಹಿಡಿದು ಎದುರಿನವರ ಮುಖಕ್ಕೆ ಚುಕ್ಕಿ ಹಾಕುತ್ತಿದ್ದವು, ಅದೊಂದೇ ತೊಂದರೆ. ಕ್ಲಿಕ್ ಮಾಡುವಾಗ ಚೀಲವನ್ನು ಬೆನ್ನಿಗೆ ತಿರುಗಿಸಿಕೊಳ್ಳುತ್ತಿದ್ದೆ. ಅಳುವ ಮಗುವಿಗೆ ಮಾತ್ರ ಮುಂದೆ ತರುತ್ತಿದ್ದೆ.

ಆ ಚೀಲ ನನಗಿಂತ ಮುಂಚೆ ಮನೆಯೊಳಗೆ ಹೋಗುತ್ತಿತ್ತು. ಹೆಣ್ಣುಮಕ್ಕಳು ಸುತ್ತುವರಿದು "ಎಲ್ಲಿ ಮಾಡ್ಸಿದ್ರಿ? ನನಗೂ ಒಂದು ಹೇಳ್ರಿ" ಎನ್ನುತ್ತಿದ್ದರು. ಎಣ್ಣೆ ಶಾಸ್ತ್ರಕ್ಕೆ, ಬಳೆ ಶಾಸ್ತ್ರಕ್ಕೆ, ಬಾಣಂತಿ ಕೋಣೆಗೆ ನನ್ನನ್ನೇ ಕೇಳಿ ಕರೆಸತೊಡಗಿದರು. ಕೆರೆಬಿಳಚಿಯಲ್ಲಿ ಹೆಂಗಸರು ಹೊರಗಿನ ಗಂಡಸರ ಮುಂದೆ ಬಾರದ ಮನೆಗಳಲ್ಲೂ ಕನ್ನಡಿ ಚೀಲದಮ್ಮ ಎಂದರೆ ಒಳಕೋಣೆಯವರೆಗೆ ದಾರಿ. ಸಾವಿನ ಮನೆಗೂ ಅದನ್ನೇ ಹಾಕಿಕೊಂಡು ಹೋಗುತ್ತಿದ್ದೆ. ಅಲ್ಲಿ ಸೆರಗಿನಿಂದ ಮುಚ್ಚಿಕೊಳ್ಳುತ್ತಿದ್ದೆ, ಅಷ್ಟೇ.

ಒಂದು ತೀರ್ಮಾನ ಮುಗಿಯಿತು. ಇನ್ನೊಂದು ಬಾಕಿ ಇತ್ತು.

ಕರಿ ಚೀಲವನ್ನು ಬಸವಾಪಟ್ಟಣದ ದುರುಗಪ್ಪನ ಹತ್ತಿರ ಒಯ್ದೆ. ಎತ್ತಿನ ಕೊರಳಪಟ್ಟಿ, ಗಾಡಿಯ ಚರ್ಮದ ಸಾಮಾನು ಮಾಡುವವನು. ಅವನು ಉಗುರಿನಿಂದ ಪಾಲಿಶ್ ಕೆರೆದು ನೋಡಿದ. "ತಾಯಿ, ಇದು ಕರೀದಲ್ಲ. ಒಳಗೆ ಜೇನಿನ ಬಣ್ಣ ಐತೆ." ಪಾಲಿಶೆಲ್ಲ ತೆಗೆದು, ಎಣ್ಣೆ ಕುಡಿಸಿ, ಹಿತ್ತಾಳೆ ಬಕಲ್ ಹಾಕಿ, ಹೊಸ ಪಟ್ಟಿ ಕೂರಿಸಿ, ಒಳಗೆ ಹೊಸ ಫ್ಲ್ಯಾನಲ್ ಬಟ್ಟೆ ಹಾಸಲು ಹೇಳಿದೆ. ಒಳತಳದಲ್ಲಿ ನಿಮ್ಮ ಅಜ್ಜ ಕಾದ ತಂತಿಯಿಂದ ತಮ್ಮ ಹೆಸರು ಸುಟ್ಟು ಬರೆದಿದ್ದರು.

"ಇದನ್ನೂ ಕೆರೆದು ಹಾಕಲೇ?" ಎಂದ ದುರುಗಪ್ಪ.

"ಅದು ಇರಲಿ. ಮೇಲೆ ಬಟ್ಟೆ ಹಾಸು, ಅಂಟಿಸಬ್ಯಾಡ" ಎಂದೆ.

ತಯಾರಾದ ಮೇಲೆ ನನಗೇ ಆಸೆಯಾಯಿತು. ಅಷ್ಟು ಚಂದ ಕಾಣುತ್ತಿತ್ತು. ದಾವಣಗೆರೆಯ ಕ್ಯಾಮೆರಾ ಅಂಗಡಿಯವರಿಗೆ ಕೊಟ್ಟು, "ಹೊನ್ನಾಳಿಯಿಂದ ಒಬ್ಬರು ಫಿಲ್ಮ್ ಒಯ್ಯಾಕೆ ಬರ್ತಾರಲ್ಲ, ಅವರ ಕಣ್ಣಿಗೆ ಬೀಳೋ ಹಂಗೆ ಇಡ್ರಿ. ನನ್ನ ಹೆಸರು ಬ್ಯಾಡ" ಎಂದೆ. ಬೊಂಬಾಯಿ ಮಾಲು ಎಂದು ಅವರೇ ಸೇರಿಸಿಕೊಂಡರು, ವ್ಯಾಪಾರಿಗಳು. ಪಂಚಾಕ್ಷರಿ ಅದೇ ಭೇಟಿಯಲ್ಲಿ ಕೊಂಡು ಹೋದನಂತೆ. ವರ್ಷಗಟ್ಟಲೆ ಹೆಗಲ ಮೇಲೆ ಹೊತ್ತ ಚೀಲವನ್ನು ಅವನು ಗುರುತಿಸಲಿಲ್ಲ. ಹೊಳಪು ಬದಲಾದದ್ದೇ ಅವನ ಮಟ್ಟಿಗೆ ಬೇರೆ ಚೀಲ.

ಅಂದಿನಿಂದ ಒಂದು ವರ್ಷಕ್ಕೂ ಮೇಲೆ ಅವನು ಆ ಚೀಲವನ್ನು ಮೆರೆಸಿದ. ಹಸೆಮಣೆಯ ಪಕ್ಕ ಇಡುತ್ತಿದ್ದ. ಅದನ್ನು ಮುಂದೆ ಇಟ್ಟುಕೊಂಡು ತನ್ನದೇ ಒಂದು ಫೋಟೋ ತೆಗೆಸಿ ಸ್ಟುಡಿಯೊದ ಗಾಜಿನಲ್ಲಿ ಹಾಕಿದ್ದ. ಬಸ್ಸಿನ ಕಿಟಕಿಯಿಂದ ಅದನ್ನು ನೋಡಿದ ದಿನ ನಾನು ಮನೆಗೆ ಬಂದು ಶಾವಿಗೆ ಪಾಯಸ ಮಾಡಿದೆ. ನಿಮ್ಮ ಅಪ್ಪ "ಯಾವ ಹಬ್ಬ ಅವ್ವಾ?" ಎಂದು ಕೇಳಿದ್ದ. ಅದು ಯಾವ ಚೀಲ ಎಂದು ಊರಿಗೆಲ್ಲ ಕೂಡಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಡೆವಲಪರ್ ದ್ರಾವಣದಿಂದ ಪ್ರಿಂಟನ್ನು ಬೇಗ ಎತ್ತಿದರೆ ಕಪ್ಪು ಸರಿಯಾಗಿ ಇಳಿಯುವುದಿಲ್ಲ.

೧೯೭೯ರಲ್ಲಿ ಹೊನ್ನಾಳಿಯ ಒಬ್ಬ ದೊಡ್ಡ ಅಡಿಕೆ ವ್ಯಾಪಾರಿಯ ಮನೆಯಲ್ಲಿ ಮದುವೆ. ಮಂಟಪದ ಫೋಟೋಗಳು ಪಂಚಾಕ್ಷರಿಗೆ. ಒಳಮನೆಯ ಶಾಸ್ತ್ರಗಳಿಗೆ ಹೆಣ್ಣುಮಕ್ಕಳು ನನ್ನನ್ನು ಕರೆಸಿದ್ದರು. ಆ ಮನೆಯ ಯಜಮಾನಿ ವ್ಯಾಪಾರಿಯ ತಾಯಿ ನಾಗಮ್ಮಜ್ಜಿ. ಅವರ ಯಜಮಾನರು ತೀರಿಕೊಂಡಾಗ ಕೂರಿಸಿದ ಫೋಟೋ ತೆಗೆದವರು ನಿಮ್ಮ ಅಜ್ಜ, ಅದರಲ್ಲಿ ಕಣ್ಣು ತೆರೆಸಿದವಳು ನಾನು. ಮದುವೆ ಮನೆಯ ಪದ್ಧತಿಯಂತೆ ಬೆಳಿಗ್ಗೆ ಸೊಸೆಯ ಕೈಯಿಂದ ಒಲೆಗೆ, ಒನಕೆಗೆ, ವಾಲಗದವರ ಡೋಲಿಗೆ ಕುಂಕುಮ ಇಡಿಸಿದ ಅಜ್ಜಿ, ಪಂಚಾಕ್ಷರಿಯ ಜೇನುಬಣ್ಣದ ಚೀಲಕ್ಕೂ ಇಡಿಸಿದ್ದರು. ನಾನು ಬಾಗಿಲಿಗೆ ಬಂದಾಗ ಅವನು ಅಲ್ಲೇ ಚಪ್ಪರದಲ್ಲಿ ನಿಂತಿದ್ದ. ಗಂಡಿನ ಕಡೆಯ ಗಂಡಸರೂ ಸುತ್ತ ಇದ್ದರು.

"ಅಜ್ಜಿ, ಒಳಗೆ ಬಿಡೋಕೆ ಮುಂಚೆ ಒಂದು ಮಾತು," ಎಂದ ಎಲ್ಲರಿಗೂ ಕೇಳುವಂತೆ. "ಮೊನ್ನೆ ಈಯಮ್ಮ ಸಾವಿನ ಮನೆಗೆ ಹೋಗಿದ್ರು. ಕನ್ನಡಿ ಹಚ್ಚಿದ್ರೆ ಹೆಣದ ಚೀಲ ಹಸೆಮಣೆ ಚೀಲ ಆಗ್ತೈತಾ?"

ಚಪ್ಪರದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಅಷ್ಟು ಜನರ ಮುಂದೆ ನಾನು ಅದುವರೆಗೆ ಮಾತಾಡಿದವಳೇ ಅಲ್ಲ. ಕ್ಯಾಮೆರಾ ಕೈಯಲ್ಲಿರಲಿಲ್ಲ, ತಲೆ ಬಗ್ಗಿಸಲು ನೆಪವಿರಲಿಲ್ಲ. ಅವನ ಮುಖವನ್ನೇ ನೋಡಿದೆ.

"ಹೌದು, ನನ್ನ ಚೀಲ ಸಾವಿನ ಮನೆಗೆ ಹೋಗೈತೆ. ನಿನ್ನ ಚೀಲಾನೂ ಹೋಗೈತೆ ಪಂಚಾಕ್ಷರಿ. ನನ್ನದಕ್ಕಿಂತ ಜಾಸ್ತಿ ಹೋಗೈತೆ."

"ನಂದಾ? ಬೊಂಬಾಯಿ ಮಾಲು ಅಕ್ಕಾ ಇದು!"

"ಒಳಗಿನ ಬಟ್ಟೆ ಎತ್ತು. ತಳದಾಗೆ ಹೆಸರೈತೆ. ನಾನು ಆ ಹೆಸರು ಹೇಳಂಗಿಲ್ಲ, ನೀನೇ ಓದು."

ಅವನು ನಗುತ್ತಲೇ ಬಟ್ಟೆ ಎತ್ತಿದ. ಆಮೇಲೆ ನಗಲಿಲ್ಲ. ಓದಲೂ ಇಲ್ಲ. ಪಕ್ಕದಲ್ಲಿದ್ದವರೊಬ್ಬರು ಬಗ್ಗಿ ನೋಡಿ, ನಿಮ್ಮ ಅಜ್ಜನ ಹೆಸರನ್ನು ಅಕ್ಷರ ಬಿಡಿಸಿ ಬಿಡಿಸಿ ಗಟ್ಟಿಯಾಗಿ ಓದಿದರು. ಐದು ವರ್ಷದ ಮೇಲೆ ಆ ಹೆಸರನ್ನು ಅಷ್ಟು ಜನರ ನಡುವೆ ಕೇಳಿದೆ. ಕಿವಿಗೆ ತಂಪಾಯಿತು.

ಗುಂಪಿನಿಂದ ಒಬ್ಬ ರೈತ ಮುಂದೆ ಬಂದ. "ಲೇ, ಹೋದ ವರ್ಷ ನನ್ನ ಮಗಳ ಹಸೆಮಣೆ ಪಕ್ಕದಾಗೆ ಇದೇ ಇಟ್ಟಿದ್ಯಲ್ಲೋ! ಹೆಣದ ಚೀಲಾನ!" ಇನ್ನೊಬ್ಬ, "ನಮ್ಮನೆ ದೇವರ ಜಗಲಿ ಮೇಲೆ ಇಟ್ಟಿದ್ದ!" ಎಂದ. ಮೂರು ವರ್ಷ ಅವನೇ ಊರೂರಿಗೆ ಹಂಚಿದ ಮಾತು. ಈಗ ಎಲ್ಲರ ಬಾಯಲ್ಲೂ ಸಿದ್ಧವಾಗಿತ್ತು. ಪಂಚಾಕ್ಷರಿ, "ನನಗೆ ಗೊತ್ತಿರಲಿಲ್ಲ ರೀ, ದೇವರಾಣೆ ಗೊತ್ತಿರಲಿಲ್ಲ" ಎನ್ನುತ್ತ ಚೀಲವನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಗೊತ್ತಿರಲಿಲ್ಲ ಎಂಬುದು ನಿಜ. ಯಾರೂ ನಂಬಲಿಲ್ಲ. ನಾನೂ ಅವನ ಪರವಾಗಿ ಹೇಳಲಿಲ್ಲ.

ನಾಗಮ್ಮಜ್ಜಿ ಮುಂದೆ ಬಂದು ನನ್ನ ಕೈ ಹಿಡಿದರು. "ಲಿಂಗ ಕಟ್ಟಿದ ನಮ್ಮಲ್ಲಿ ಸೂತಕ ಎಲ್ಲಿಂದ ಬಂತೋ? ಇವಳು ಕಣ್ಣು ತೆರೆಸಿದ ಫೋಟೋಕ್ಕೆ ನಾನು ದಿನಾ ಕೈ ಮುಗೀತೀನಿ. ಬಾರವ್ವಾ ಒಳಗೆ, ಮದುಮಗಳು ಎಣ್ಣೆ ಹಚ್ಚಿಕೊಂಡು ಕೂತಾಳೆ." ಹಾಗೆಂದು ಪಂಚಾಕ್ಷರಿಯ ಕಡೆ ತಿರುಗಿ, "ನೀನು ಊಟ ಮಾಡ್ಕೊಂಡು ಹೋಗು" ಎಂದರು. ಉಳಿದ ಕೆಲಸವೂ ಇನ್ನು ನಿನಗಿಲ್ಲ ಎಂದು ಅದರ ಅರ್ಥ.

ಯೋಚಿಸಿ ನೋಡಿದರೆ ಸಾವಿನ ಮನೆಯ ಸೋಂಕು ಎರಡೂ ಚೀಲಕ್ಕೆ ಒಂದೇ. ಅಂದು ನನ್ನದರಿಂದ ಕಳಚಿಬಿತ್ತು, ಅವನದಕ್ಕೆ ಅಂಟಿಕೊಂಡಿತು. ಇದು ನ್ಯಾಯವೇ ಎಂದು ನಾನು ಕೇಳಲು ಹೋಗಲಿಲ್ಲ. ಬಸವಾಪಟ್ಟಣದ ಕಟ್ಟೆಯ ಮೇಲೆ ನನ್ನನ್ನು ಕೂರಿಸಿದಾಗಲೂ ಯಾರೂ ಕೇಳಿರಲಿಲ್ಲ. ಆ ಮದುವೆಯ ಒಳಗಿನದೂ ಹೊರಗಿನದೂ ಎಲ್ಲ ಫೋಟೋ ನಾನೇ ತೆಗೆದೆ. ಮಂಟಪದಲ್ಲಿ ಹಣೆ ಬೋಳಾದ ಹೆಂಗಸು ನಿಂತಿದ್ದಾಳೆ ಎಂದು ಒಬ್ಬರಾದರೂ ಗೊಣಗಿರಬಹುದು. ನನ್ನ ಎದುರಿಗೆ ಹೇಳಲು ಅವರಿಗೆ ನೆಪ ಉಳಿದಿರಲಿಲ್ಲ.

ಮುಂದಿನ ಯುಗಾದಿಗೆ ಮುಂಚೆ ಪಂಚಾಕ್ಷರಿ ನನ್ನ ಸ್ಟುಡಿಯೊಗೆ ಬಂದ. ಕಪ್ಪು ಕನ್ನಡಕ ಇರಲಿಲ್ಲ. ಚೀಲವನ್ನು ಸುಟ್ಟೆ ಎಂದ. ಆದರೂ ಜನ ಕರೆಯುತ್ತಿಲ್ಲ, ಲಗ್ನದ ಕಾಲವೆಲ್ಲ ಬಾಗಿಲು ತೆರೆದುಕೊಂಡು ಕೂತಿದ್ದೇನೆ ಎಂದ.

"ಒಂದು ಮಾತು ಹೇಳ್ರಿ ಅಕ್ಕಾ. ಆ ಚೀಲ ಅದಲ್ಲ, ತಪ್ಪಾಗಿ ಅಂದೆ ಅಂತ. ನಿಮ್ಮ ಮಾತು ನಂಬ್ತಾರೆ. ನಾನು ಹೆಂಗೆ ಬದುಕಲಿ?"

ನಾನು ಫೋಟೋ ಕತ್ತರಿಸುತ್ತಿದ್ದೆ. ಕತ್ತರಿ ಕೆಳಗಿಟ್ಟೆ.

"ಸಾವಿನ ಮನೆಗಳಿಗೆ ಹೋಗಪ್ಪಾ. ಅಲ್ಲಿ ಚೀಲ ಯಾವುದು ಅಂತ ಯಾರೂ ಕೇಳಲ್ಲ."

ಅವನು ಹೋದ. ಆಮೇಲೆ ಹೊನ್ನಾಳಿ ಕಡೆಯ ಸಾವುಗಳಿಗೆಲ್ಲ ಅವನೇ ಹೋಗುತ್ತಿದ್ದ, ಚೆನ್ನಾಗಿಯೇ ತೆಗೆಯುತ್ತಿದ್ದ ಎಂದು ಕೇಳಿದೆ. ಚೆನ್ನಾಗಿ ತೆಗೆಯುತ್ತಾನೆ ಎಂಬ ಮಾತು ನನಗೆ ಅಷ್ಟು ಹಿಡಿಸಲಿಲ್ಲ.

ಮಕ್ಕಳೇ, ಅಜ್ಜಿ ಕ್ಷಮಿಸಿದಳು ಎಂಬ ಕಡೆಯ ಪುಟವನ್ನು ಇಲ್ಲಿ ಹುಡುಕಬೇಡಿ. ನೀವು ಕೆಲಸಕ್ಕೆ ಚೀಲ ಆರಿಸುವಾಗ ಮೊದಲು ನೋಡಬೇಕಾದದ್ದು ಅದು ನಿಮ್ಮ ಮೈಗೆ ಒಗ್ಗುತ್ತದೆಯೇ, ಒಂದು ಕೈಗೆ ತೆರೆಯುತ್ತದೆಯೇ ಎಂದು. ಆಮೇಲೆ ಚಂದ. ಇಷ್ಟನ್ನು ಯಾವ ಅಂಗಡಿಯವನಾದರೂ ಹೇಳಿಯಾನು. ನನ್ನ ಕೆಲಸ ಕಲಿಸಿದ್ದು ಇನ್ನೊಂದು ಇದೆ. ಜನ ನಿಮ್ಮನ್ನು ಬೇಡ ಎನ್ನಬೇಕೆಂದಾಗ ನಿಮ್ಮ ಹೆಸರು ಹೇಳುವುದಿಲ್ಲ, ನಿಮ್ಮ ಕೈಯಲ್ಲಿರುವ ಯಾವುದೋ ವಸ್ತುವಿನ ಹೆಸರು ಹೇಳುತ್ತಾರೆ. ಆ ವಸ್ತು ಒಳ್ಳೆಯದು ಎಂದು ವಾದಕ್ಕೆ ನಿಲ್ಲಬೇಡಿ. ಅದನ್ನು ಚೆನ್ನಾಗಿ ಒರೆಸಿ, ಎಣ್ಣೆ ಹಚ್ಚಿ, ಅವರ ಹೆಗಲಿಗೆ ಹಾಕಿ. ಆಮೇಲೆ ಅವರು ಎಷ್ಟು ದೂರ ಹೊತ್ತುಕೊಂಡು ಹೋಗುತ್ತಾರೋ ನೋಡುತ್ತ ಕೂರಿ.